ಟಾಪ್ ಬಿಚ್ಚಿ ಓಡಿಸೋ ಕಾರು ನಮ್ಮ ಕಡೆ ರಸ್ತೆಗೆ ಆಗುತ್ತಾ? (ಚಿಕ್ಕಬಳ್ಳಾಪುರ)

ನಂದಿತಪ್ಪಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇರೋದು ಚಿಕ್ಕಬಳ್ಳಾಪುರ ಟೌನ್. ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್ ತಗೊಳ್ಳೋ ಯೋಚನೆ. ಎರಡು ಗಾಡಿ ನೋಡಿಟ್ಟಿದ್ದೀನಿ. ಒಂದು 2011ರ ಬಿಎಂಡಬ್ಲ್ಯು ಝಡ್4 35ಐ (ಇ89), ಮಡಚಿಕೊಳ್ಳೋ ಗಟ್ಟಿ ಟಾಪ್, ಪುದುಚೇರಿ ನಂಬರ್. ಇನ್ನೊಂದು ಮಿನಿ ಕೂಪರ್ ಕನ್ವರ್ಟಿಬಲ್ (ಎಫ್57), ಬಟ್ಟೆ ಟಾಪ್, ಕರ್ನಾಟಕದ್ದೇ ನಂಬರ್.

ಮೈಲೇಜ್, ರೀಸೇಲ್ ಬಗ್ಗೆ ಕೇಳ್ತಿಲ್ಲ. ನಮ್ಮ ಬಿಸಿಲು, ಕ್ರಷರ್ ಧೂಳು, ಊರೂರಿಗೂ ಇರೋ ಹಂಪ್ಸ್, ಇದರ ಮಧ್ಯೆ ಟಾಪ್ ಬಿಚ್ಚಿ ಓಡಿಸೋದ್ರಲ್ಲಿ ನಿಜವಾಗ್ಲೂ ಸುಖ ಇದೆಯಾ, ಇಲ್ಲ ಬರೀ ಶೋಕಿನಾ? ಇದ್ರೆ ಯಾವ ಹೊತ್ತು, ಯಾವ ರಸ್ತೆ? ಗಾಡಿ ನೋಡೋಕೆ ಹೋದಾಗ ಟಾಪ್ ವಿಷಯದಲ್ಲಿ ಏನೇನು ಚೆಕ್ ಮಾಡ್ಬೇಕು? ತಿಳಿದವರು ಹೇಳಿ.

ದುರ್ಗದ_ತಿರುವು (ತುಮಕೂರು):

ಸುಖ ಇದೆ ಸಾರ್. ಆದ್ರೆ ಹೆಚ್ಚಿನವರು ಹುಡುಕೋ ಕಡೆ ಇಲ್ಲ. ಹೈವೇಲಿ 120ರಲ್ಲಿ ಟಾಪ್ ಬಿಚ್ಚಿದ್ರೆ ಸಿಗೋದು ಬರೀ ಸದ್ದು. ಗಾಳಿಯ ಸದ್ದು ಆ ವೇಗಕ್ಕೆ 85 ಡೆಸಿಬೆಲ್ ಆಚೆ ಹೋಗುತ್ತೆ, ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ, ಒಂದು ಗಂಟೆಗೆಲ್ಲ ತಲೆ ಭಾರ. ಟಾಪ್ ಇಲ್ಲದ ಕಾರಿನ ಹದ 45ರಿಂದ 70. ಆ ವೇಗದಲ್ಲಿ ಎಂಜಿನ್ ಕೇಳುತ್ತೆ, ಹಕ್ಕಿ ಕೇಳುತ್ತೆ, ಮುಂದಿನ ತಿರುವಲ್ಲಿ ಬರ್ತಿರೋ ಬಸ್ಸಿನ ಹಾರ್ನೂ ಕೇಳುತ್ತೆ.

ಗಾಳಿ ಎಲ್ಲಿಂದ ಹೊಡೆಯುತ್ತೆ ಅನ್ನೋದು ಮೊದಲು ಗೊತ್ತಿರ್ಬೇಕು. ಮುಂದಿನ ಗಾಜಿನ ಮೇಲಂಚು ದಾಟಿದ ಗಾಳಿ ನೇರ ಹಿಂದಕ್ಕೆ ಹೋಗಿಬಿಡಲ್ಲ. ಗಾಜಿನ ಹಿಂದೆ ಒತ್ತಡ ಕಮ್ಮಿ ಇರೋದ್ರಿಂದ ಹಿಂದಿನಿಂದ ಸುತ್ತಿಕೊಂಡು ಸೀಟುಗಳ ನಡುವೆ ಒಳಗೆ ನುಗ್ಗುತ್ತೆ. ಕತ್ತಿನ ಹಿಂಭಾಗ ತಣ್ಣಗಾಗೋದು, ಕೂದಲು ಮುಖಕ್ಕೆ ಬರೋದು ಇದಕ್ಕೇ. ಪರಿಹಾರ ಸುಲಭ: ಸೈಡ್ ಗಾಜು ಪೂರ್ತಿ ಏರಿಸಿ, ಸೀಟಿನ ಹಿಂದೆ ವಿಂಡ್ ಡಿಫ್ಲೆಕ್ಟರ್ ಹಾಕಿ. ಬಲೆಯಂಥ ಆ ಚಿಕ್ಕ ಪರದೆ ಹಾಕಿದ್ರೆ ಒಳಗಿನ ಸುಳಿ ಅರ್ಧಕ್ಕರ್ಧ ನಿಲ್ಲುತ್ತೆ. ಎರಡೂ ಕಾರಿಗೆ ಬರುತ್ತೆ, ಹಳೇ ಗಾಡೀಲಿ ಅದು ಕಳೆದುಹೋಗಿರೋದೇ ಜಾಸ್ತಿ. ಮಾರೋವ್ರನ್ನ ಮೊದಲೇ ಕೇಳಿ. ಮಿನಿಯಲ್ಲಿ ಹಾಕಿದ್ರೆ ಹಿಂದಿನ ಸೀಟು ಹೋಯ್ತು ಅಂತಲೇ ಲೆಕ್ಕ.

ಹೊತ್ತು: ಬೆಳಗ್ಗೆ 6ರಿಂದ 8.30, ಸಂಜೆ 5ರ ಮೇಲೆ. ನಾವಿರೋದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲೇ ಇರ್ತಾನೆ, ಎಷ್ಟು ಗಾಳಿ ಬಂದ್ರೂ ಚರ್ಮ ಸುಡುತ್ತೆ. ಗಾಳಿ ತಣ್ಣಗಿರೋದ್ರಿಂದ ಸುಡ್ತಿರೋದು ಗೊತ್ತಾಗಲ್ಲ, ಅದೇ ಅಪಾಯ. ಕಿವಿ, ಮೂಗಿನ ಮೇಲೆ, ಮುಂಗೈಗೆ ಸನ್‌ಸ್ಕ್ರೀನ್ ಹಚ್ಚಿ. ಕ್ಯಾಪ್ ಹಾಕಿದ್ರೆ ಹಿಂದೆ ಬಿಗಿ ಮಾಡೋ ಪಟ್ಟಿ ಇರೋದನ್ನೇ ಹಾಕಿ, ಇಲ್ಲಾಂದ್ರೆ ಅದು ಹಿಂದಿನ ಬೈಕಿನವನ ಮುಖಕ್ಕೆ.

ಡಿಸೆಂಬರ್, ಜನವರಿ ಬೆಳಗ್ಗೆ ಚಳಿ ಅಂತ ಟಾಪ್ ಮುಚ್ಚೋವ್ರು ನಿಜವಾದ ಮಜಾ ಬಿಟ್ಟುಬಿಡ್ತಾರೆ. ಗಾಜು ಏರಿಸಿ, ಹೀಟರ್ ಕಾಲಿನ ಕಡೆ ಪೂರ್ತಿ ಇಟ್ಟು, ಜಾಕೆಟ್ ಹಾಕಿದ್ರೆ 12 ಡಿಗ್ರೀಲೂ ಆರಾಮ. ಟೌನಿನಿಂದ ನಂದಿಬೆಟ್ಟದ ತುದಿಗೆ (1478 ಮೀ.) ಐನೂರಕ್ಕೂ ಹೆಚ್ಚು ಮೀಟರ್ ಏರ್ತೀರಿ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಲೆಕ್ಕದಲ್ಲಿ ಮೂರೂವರೆ ಡಿಗ್ರಿ ಇಳಿಯುತ್ತೆ. ಮುಚ್ಚಿದ ಕಾರಲ್ಲಿ ಇದು ಗೊತ್ತೇ ಆಗಲ್ಲ. ಇಲ್ಲಿ ಒಂದೊಂದು ತಿರುವಿಗೂ ಮುಖಕ್ಕೆ ಗೊತ್ತಾಗುತ್ತೆ. ಕೆರೆ ಏರಿ ಮೇಲೆ ಹೋಗುವಾಗ್ಲೂ ಹಾಗೇ, ರಾತ್ರಿಯ ತಣ್ಣನೆ ಗಾಳಿ ತಗ್ಗಿನಲ್ಲಿ ನಿಂತಿರುತ್ತೆ, ಏರಿ ದಾಟಿದ ತಕ್ಷಣ ಬಿಸಿ. ನೀಲಗಿರಿ ತೋಪು, ಔಷಧಿ ಹೊಡೆದ ದ್ರಾಕ್ಷಿ ತೋಟ, ಶಿಡ್ಲಘಟ್ಟದ ಕಡೆ ಬೇಯ್ತಿರೋ ರೇಷ್ಮೆಗೂಡು, ಒಂದೊಂದಕ್ಕೂ ಒಂದೊಂದು ವಾಸನೆ. ಎಲ್ಲ ಒಳ್ಳೇ ವಾಸನೆ ಅಂತ ಹೇಳ್ತಿಲ್ಲ.

ರಸ್ತೆ ಅಂದ್ರೆ, ಶನಿವಾರ ಭಾನುವಾರ ಬೆಳಗ್ಗೆ ನಂದಿ ಬೇಡವೇ ಬೇಡ, ಬೆಂಗಳೂರೇ ಅಲ್ಲಿರುತ್ತೆ. ಫಸ್ಟ್ ಗೇರಲ್ಲಿ ಹೊಗೆ ಕುಡೀತಾ ಹತ್ತೋಕೆ ಕನ್ವರ್ಟಿಬಲ್ ಯಾಕೆ. ವಾರದ ದಿನ ಹೋಗಿ. ಇಲ್ಲಾಂದ್ರೆ ಎನ್‌ಎಚ್ 44ರಲ್ಲಿ ಪೇರೇಸಂದ್ರದವರೆಗೆ ಟಾಪ್ ಮುಚ್ಚಿಕೊಂಡೇ ಹೋಗಿ, ಅಲ್ಲಿ ಹೆದ್ದಾರಿ ಬಿಟ್ಟು ಗುಡಿಬಂಡೆ ಕಡೆ ತಿರುಗಿದ ಮೇಲೆ ಬಿಚ್ಚಿ. ಭೈರಸಾಗರ ಕೆರೆ ಹತ್ರ ಸಂಜೆ ಹೊತ್ತು ಹುಳ ಜಾಸ್ತಿ, ಬಿಳಿ ಗಾಜಿನ ಕನ್ನಡಕ ಇರ್ಲಿ. ನಮ್ಮ ಕಡೆ ಬಂದ್ರೆ ನಾಮದ ಚಿಲುಮೆ ದಾರೀಲಿ ದೇವರಾಯನದುರ್ಗ.

ಕೆಎ07_ಸ್ಪ್ಯಾನರ್ (ಕೋಲಾರ):

ಮೇಲಿನವರು ಓಡಿಸೋದು ಹೇಳಿದ್ರು, ನಾನು ಗಾಡಿ ಹೇಳ್ತೀನಿ.

ಝಡ್4 ಇ89: ಎರಡು ತುಂಡಿನ ಅಲ್ಯೂಮಿನಿಯಂ ಟಾಪ್, ಸುಮಾರು 20 ಸೆಕೆಂಡಲ್ಲಿ ಮಡಚಿ ಡಿಕ್ಕಿಗೆ ಹೋಗುತ್ತೆ. ಡಿಕ್ಕಿ 310 ಲೀಟರ್ ಇದ್ದದ್ದು 180ಕ್ಕೆ ಇಳಿಯುತ್ತೆ. ಡಿಕ್ಕಿ ಒಳಗಿರೋ ಅಡ್ಡ ಪರದೆ ಸರಿಯಾಗಿ ಎಳೆದು ಸಿಕ್ಕಿಸದಿದ್ರೆ ಟಾಪ್ ಅಲ್ಲಾಡಲ್ಲ. "ಕೆಟ್ಟಿದೆ" ಅಂತ ಕಮ್ಮಿಗೆ ಮಾರೋ ಗಾಡಿಗಳಲ್ಲಿ ಕೆಲವು ಸಲ ಕಾಯಿಲೆ ಇಷ್ಟೇ. ನಿಜವಾದ ಕಾಯಿಲೆ ಬೇರೆ: ಡಿಕ್ಕಿ ಹಿಂಜ್ ಹತ್ರ ಹಾದುಹೋಗೋ ವೈರಿಂಗ್ ಪ್ರತಿ ಸಲ ಮಡಚಿ ಮಡಚಿ ಒಳಗೇ ತುಂಡಾಗುತ್ತೆ. ಆಗ ಟಾಪ್ ಅರ್ಧದಲ್ಲಿ ನಿಲ್ಲುತ್ತೆ, ಇಲ್ಲ ಒಮ್ಮೆ ಆಗುತ್ತೆ ಒಮ್ಮೆ ಆಗಲ್ಲ. ಇನ್ನೊಂದು ಹೈಡ್ರಾಲಿಕ್ ಸೋರಿಕೆ. ಡಿಕ್ಕಿ ಕಾರ್ಪೆಟ್ ಎತ್ತಿ ಎಣ್ಣೆ ಕಲೆ, ಒದ್ದೆ ಎರಡನ್ನೂ ನೋಡಿ.

ಚೆಕ್ ಮಾಡೋ ರೀತಿ: ಎಂಜಿನ್ ಆನ್ ಇಟ್ಟು ಬೆನ್ನುಬೆನ್ನಿಗೆ ಮೂರು ಸಲ ಬಿಚ್ಚಿ ಮುಚ್ಚಿಸಿ. ಮೊದಲನೇ ಸಲ ಎಲ್ಲ ಗಾಡಿಯೂ ಚೆನ್ನಾಗೇ ಮಾಡುತ್ತೆ. ಎಣ್ಣೆ ಕಮ್ಮಿ ಇರೋ ಪಂಪು ಎರಡು, ಮೂರನೇ ಸಲಕ್ಕೆ ನಿಧಾನ ಆಗುತ್ತೆ, ನರಳುತ್ತೆ. ಎಂಜಿನ್ ಆಫ್ ಇಟ್ಟು ಮಾಡ್ಬೇಡಿ, ಮೋಟರು ಎಳೆಯೋ ಕರೆಂಟಿಗೆ ವೋಲ್ಟೇಜ್ ಬಿದ್ದು ಅರ್ಧದಲ್ಲಿ ಸಿಕ್ಕಿಕೊಂಡ್ರೆ ಬ್ಯಾಟರಿದೋ ಟಾಪಿಂದೋ ಗೊತ್ತಾಗಲ್ಲ. ಈ ಝಡ್4ರ ಎಂಜಿನ್ ಎನ್54, ಎರಡು ಟರ್ಬೋ ಇರೋ ಪೆಟ್ರೋಲ್ ಎಂಜಿನ್. ಹೈ ಪ್ರೆಷರ್ ಫ್ಯೂಯಲ್ ಪಂಪ್, ಇಂಜೆಕ್ಟರ್ ಬದಲಾಗಿದ್ರೆ ಬಿಲ್ ಕೇಳಿ. ಟರ್ಬೋ ವೇಸ್ಟ್‌ಗೇಟ್ (ಟರ್ಬೋ ಒತ್ತಡ ಹದ್ದುಬಸ್ತಲ್ಲಿಡೋ ಕವಾಟ) ಗಲಗಲ ಸದ್ದು ಕೇಳಿದ್ರೆ ರೇಟ್ ಇಳಿಸಿ ಮಾತಾಡಿ. ರನ್‌ಫ್ಲಾಟ್ ಟೈರ್ (ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡೋದು), ಸ್ಟೆಪ್ನಿ ಇಲ್ಲ.

ಮಿನಿ: ಬಟ್ಟೆ ಟಾಪ್ 18 ಸೆಕೆಂಡ್, 30 ಕಿ.ಮೀ. ವೇಗದವರೆಗೆ ಓಡ್ತಾನೇ ಬಿಚ್ಚಬಹುದು. ಮುಂಭಾಗ ಮಾತ್ರ ಸರಿಸಿ ಸನ್‌ರೂಫ್ ಥರಾನೂ ಇಡಬಹುದು. ನಮ್ಮ ಬಿಸಿಲಿಗೆ ಜಾಸ್ತಿ ಬಳಕೆ ಆಗೋದು ಇದೇ. ಡಿಕ್ಕಿ 215 ಲೀಟರ್, ಬಿಚ್ಚಿದ್ರೆ 160. ಮಡಚಿದ ಟಾಪ್ ಹಿಂದೆ ಗುಡ್ಡೆಯಾಗಿ ಕೂರುತ್ತೆ, ಹಿಂದಿನ ನೋಟ ಅರ್ಧ ಹೋಯ್ತು.

ಈಗ ನೀರು. ಕನ್ವರ್ಟಿಬಲ್ ಸಾಯೋದು ಮೇಲಿಂದ ಬಂದ ಮಳೆಗಲ್ಲ, ಕೆಳಗೆ ಹೋಗದ ಮಳೆಗೆ. ಟಾಪ್ ಸುತ್ತ ಬಿದ್ದ ನೀರು ಕಾಲುವೆಲಿ ಹರಿದು ಡ್ರೈನ್ ಪೈಪಲ್ಲಿ ಗಾಡಿ ಕೆಳಗೆ ಬೀಳ್ಬೇಕು. ಪೈಪ್ ಕಟ್ಟಿದ್ರೆ ನೀರು ಒಳಗೇ ನಿಲ್ಲುತ್ತೆ. ಹಳೇ ಝಡ್4 ಇ85ರಲ್ಲಿ ಟಾಪ್ ಮೋಟರು ಆ ಗುಂಡೀಲೇ ಮುಳುಗಿ ಸುಟ್ಟುಹೋಗುತ್ತೆ. ಪೋರ್ಷೆ ಬಾಕ್ಸ್‌ಟರ್ 986ರಲ್ಲಿ ಸೀಟಿನ ಕೆಳಗಿರೋ ಇಮ್ಮೊಬಿಲೈಸರ್ (ಕಳ್ಳತನ ತಡೆಯೋ) ಯೂನಿಟ್ಟು ನೆನೆದು ಗಾಡಿ ಸ್ಟಾರ್ಟೇ ಆಗಲ್ಲ. ಮಾಜ್ದಾ ಎಂಎಕ್ಸ್5 ಹಳೇ ಮಾಡೆಲ್ಲಿಗೆ ಬಾಗಿಲ ಕೆಳಗಿನ ಸಿಲ್ ಒಳಗಿಂದ ತುಕ್ಕು. ಹೊಂಗೆ ಮರದ ಕೆಳಗೆ ನಿಲ್ಲಿಸೋ ಅಭ್ಯಾಸ ಇದ್ರೆ ಬಿಡಿ. ಹೂ ಉದುರೋ ಕಾಲದಲ್ಲಿ ಒಂದು ವಾರ ಸಾಕು, ಮೇಲೆ ಒಂದು ಮಳೆ ಬಂತೋ ಗಂಜಿ ಆಗಿ ಪೈಪಲ್ಲಿ ಕೂರುತ್ತೆ. ಹುಣಸೆ ಎಲೆ ಇನ್ನೂ ಕೆಟ್ಟದ್ದು, ಸಣ್ಣದು, ಜಾಲರಿ ದಾಟುತ್ತೆ.

ಗಾಡಿ ನೋಡೋಕೆ ಹೋದಾಗ ಅರ್ಧ ಲೀಟರ್ ನೀರು ಒಂದೊಂದು ಕಡೆ ಡ್ರೈನಿಗೆ ನಿಧಾನಕ್ಕೆ ಹಾಕಿ ಕೆಳಗೆ ಬಗ್ಗಿ ನೋಡಿ. ತಡವಿಲ್ಲದೆ ಸುರಿಯಬೇಕು. ಕಟ್ಟಿದ್ರೆ ಹುಲ್ಲು ಕತ್ತರಿಸೋ ಮೆಷಿನ್ನಿನ 2 ಮಿ.ಮೀ. ನೈಲಾನ್ ದಾರ ಬಿಟ್ಟು ಮೆಲ್ಲಗೆ ಆಡಿಸಿ. ಕಂಪ್ರೆಸರ್ ಗಾಳಿ ಹೊಡೀಬೇಡಿ, ಪೈಪ್ ಜಾಯಿಂಟು ಒಳಗೇ ಕಳಚಿಕೊಂಡ್ರೆ ಟ್ರಿಮ್ ಎಲ್ಲ ಬಿಚ್ಚಬೇಕಾಗುತ್ತೆ. ಮೇ ಕೊನೇಲಿ ಒಮ್ಮೆ, ಅಕ್ಟೋಬರಲ್ಲಿ ಒಮ್ಮೆ ಕಡ್ಡಾಯ.

ಬಟ್ಟೆ ಟಾಪ್ ತೊಳೆಯೋದು: ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಕಪ್ಪು ಬಟ್ಟೆ ಮೇಲೆ ಬಿಳಿ ಪುಡಿ ಉಳಿಯುತ್ತೆ, ಉಜ್ಜಿದ್ರೂ ಹೋಗಲ್ಲ. ಮೊದಲು ಒಣಗಿದ್ದಾಗಲೇ ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೀರಿ. ಆಮೇಲೆ ಸೌಮ್ಯ ಕಾರ್ ಶಾಂಪೂ, ನೇಯ್ಗೆ ಹೋದ ದಿಕ್ಕಿಗೆ ಬ್ರಷ್. ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ಒಂದು ಸಾಕು. ಮಳೆ ನೀರು ಹಿಡಿದಿಟ್ಟಿದ್ರೆ ಇನ್ನೂ ಒಳ್ಳೇದು. ವಾಟರ್ ಸರ್ವಿಸ್ ಹುಡುಗರಿಗೆ ಪ್ರೆಷರ್ ಗನ್ ಹತ್ತಿರ ಹಿಡೀಬೇಡಿ ಅಂತ ನಿಂತು ಹೇಳ್ಬೇಕು, ಹೊಲಿಗೆ ಬಿಟ್ಟುಕೊಳ್ಳುತ್ತೆ. ನೀರು ಹಾಕಿದಾಗ ಹನಿ ಉರುಳದೆ ಬಟ್ಟೆ ಹೀರಿಕೊಂಡ್ರೆ ಫ್ಯಾಬ್ರಿಕ್ ಗಾರ್ಡ್ (ಬಟ್ಟೆ ನೀರು ಹೀರದ ಹಾಗೆ ಮಾಡೋ ಲೇಪನ) ತೆಳುವಾಗಿ ಎರಡು ಕೋಟ್, ಒಂದು ದಿನ ಮಳೆ ತಾಗಿಸಬೇಡಿ. ಡ್ಯಾಶ್‌ಬೋರ್ಡ್ ಪಾಲಿಶ್ ಬಟ್ಟೆಗೆ ಬೇಡ. ಒದ್ದೆ ಟಾಪ್ ಮಡಚಿಟ್ರೆ ಬೂಷ್ಟು, ಆ ವಾಸನೆ ಹೋಗೋದೇ ಇಲ್ಲ. ರಬ್ಬರ್ ಬೀಡಿಂಗಿಗೆ ಸಿಲಿಕಾನ್ ಗ್ರೀಸ್ ಬೆರಳಲ್ಲಿ ಸವರಿದ್ರೆ ಕಿರಿಕಿರಿ ಸದ್ದು ನಿಲ್ಲುತ್ತೆ.

ಪೇರೇಸಂದ್ರ_ಕ್ರಾಸ್:

ಸ್ಪ್ಯಾನರಣ್ಣ ಹೇಳಿದ್ದಕ್ಕೆ ಒಂದೆರಡು ಸೇರಿಸ್ತೀನಿ.

ಕೋತಿ. ನಂದೀಲೂ ದುರ್ಗದಲ್ಲೂ ಟಾಪ್ ಬಿಚ್ಚಿ ನಿಲ್ಲಿಸಿ ಟೀ ಕುಡಿಯೋಕೆ ಹೋದ್ರೆ ಸೀಟು ಅವುಗಳದ್ದು. ಬಟ್ಟೆ ಟಾಪ್ ಮುಚ್ಚಿದ್ರೂ ಒಳಗೆ ತಿಂಡಿ ಕವರ್ ಕಾಣಿಸಿದ್ರೆ ಹರೀತವೆ. ತಿನ್ನೋದು ಡಿಕ್ಕೀಲಿ ಇಡಿ.

ಟಿಪ್ಪರ್. ಜಲ್ಲಿ, ಎಂ-ಸ್ಯಾಂಡ್ ಲೋಡಿನ ಹಿಂದೆ ಹೋಗ್ಲೇಬೇಡಿ, ಟಾರ್ಪಾಲ್ ಇದ್ರೂ ಸಂದಿಯಿಂದ ಉದುರುತ್ತೆ. ಓವರ್‌ಟೇಕ್ ಮಾಡೋಕೆ ಜಾಗ ಇಲ್ಲಾಂದ್ರೆ ಪಕ್ಕಕ್ಕೆ ಹಾಕಿ ಐದು ನಿಮಿಷ ನಿಲ್ಲಿ.

ಇನ್ನೊಂದು ಯಾರೂ ಹೇಳಲ್ಲ: ಸುಗ್ಗೀಲಿ ರಾಗಿ, ಹುರುಳಿ ರಸ್ತೆ ಮೇಲೆ ಹರಡಿರ್ತಾರೆ. ತೆರೆದ ಕಾರಿಗೆ ಹೊಟ್ಟು ಕಣ್ಣಿಗೆ ಬೀಳೋದು ಸಣ್ಣ ವಿಷಯ. ಅಗಲ ಟೈರ್ ಕಾಳಿನ ಮೇಲೆ ಜಾರುತ್ತೆ, ಬ್ರೇಕ್ ಹಿಡಿಯಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಹುರುಳಿ ಬಳ್ಳಿ ತಗ್ಗು ಗಾಡಿಯ ಕೆಳಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದ್ರೆ ಬೆಂಕಿ. ಅಂಥ ಕಡೆ ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ, ಇದ್ರೆ ಎಳೆದುಹಾಕಿ. ಬರಿಗೈಲಿ ಬೇಡ.

ಹಂಪ್ಸ್: ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರ್ಬೇಕು. ಊರವರು ಹಾಕಿಸಿದ್ದು ಅಗಲ ಕಮ್ಮಿ, ಎತ್ತರ ಜಾಸ್ತಿ. ಝಡ್4 ಮೂಗು ಉದ್ದ. ಒಂದು ಚಕ್ರ ಮೊದಲು ಏರೋ ಹಾಗೆ ಓರೆಯಾಗಿ ಹತ್ತಿಸಿ. ಮೇಲೆ ಟಾಪ್ ಇಲ್ಲದಾಗ ಬಾಡಿ ಬಿಗಿತ ಕಮ್ಮಿ, ಗುಂಡೀಲಿ ಸ್ಟೀರಿಂಗ್, ಮುಂದಿನ ಗಾಜು ನಡುಗೋದು ಕಾಣಿಸುತ್ತೆ. ಸ್ವಲ್ಪ ಇದ್ರೆ ಸಹಜ, ಬಾಗಿಲೇ ಕಟಕಟ ಅಂದ್ರೆ ಎಲ್ಲೋ ಹೊಡೆಸಿಕೊಂಡ ಗಾಡಿ.

ಪುದುಚೇರಿ ನಂಬರಿಗೆ ಅಲ್ಲಿಂದ ಎನ್‌ಒಸಿ ತರಿಸಿ ಇಲ್ಲಿ ಆರ್‌ಟಿಒದಲ್ಲಿ ಕೆಎ 40 ಮಾಡಿಸ್ಬೇಕು. ಬೇರೆ ರಾಜ್ಯದ ನಂಬರಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ಗಾಡಿಯ ವಯಸ್ಸು ನೋಡಿ ಲೈಫ್ ಟ್ಯಾಕ್ಸ್ ಹಾಕ್ತಾರೆ. ಅದನ್ನ ಮೊದಲೇ ಕೇಳಿಕೊಂಡು, ಸೇರಿಸಿ, ಆಮೇಲೆ ಎರಡು ಗಾಡಿ ರೇಟ್ ಹೋಲಿಸಿ. ನನ್ನ ಓಟು ಮಿನಿಗೆ.

ದುರ್ಗದ_ತಿರುವು:

ನಂದು ಝಡ್4ಗೆ. ಮಿನಿ ಕ್ಯೂಟು, ಒಪ್ಕೊಳ್ತೀನಿ. ಆದ್ರೆ ಹಿಂದಿನ ಚಕ್ರದ ಮುಂದೇನೇ ಕೂತು, ಉದ್ದ ಬಾನೆಟ್ ತಿರುವಿಗೆ ತಿರುಗೋದು ನೋಡ್ತಾ ಓಡಿಸೋದು ಬೇರೇನೇ. ಗಟ್ಟಿ ಟಾಪ್ ಮುಚ್ಚಿದ್ರೆ ಧೂಳು, ಕೋತಿ, ಕಳ್ಳ ಮೂರೂ ಹೊರಗೆ.

ಕೆಎ07_ಸ್ಪ್ಯಾನರ್:

ಟಾಪ್ ಕೆಟ್ಟ ದಿನ ಈ ಮಾತು ನೆನಪಿರ್ಲಿ ಗುರು. ಬಟ್ಟೆ ಟಾಪ್ ಹರಿದ್ರೆ ಬಟ್ಟೆ ಬದಲು. ಗಟ್ಟಿ ಟಾಪಿನ ಹೈಡ್ರಾಲಿಕ್ ಯೂನಿಟ್ ಹೋದ್ರೆ ನಮ್ಮ ಮೂರೂ ಜಿಲ್ಲೇಲಿ ಬಿಚ್ಚೋ ಧೈರ್ಯ ಮಾಡೋವ್ರು ಕಮ್ಮಿ, ಬೆಂಗಳೂರಿಗೇ ಹೋಗ್ಬೇಕು. ಬಿಎಂಡಬ್ಲ್ಯುನೇ ಮುಂದಿನ ಝಡ್4 ಜಿ29ಕ್ಕೆ ವಾಪಸ್ ಬಟ್ಟೆಗೆ ಬಂತು. 10 ಸೆಕೆಂಡ್, 50 ಕಿ.ಮೀ. ವೇಗದಲ್ಲೂ ಆಗುತ್ತೆ, ಡಿಕ್ಕಿ ಜಾಗಾನೂ ಕಮ್ಮಿ ಆಗಲ್ಲ.

ನಂದಿತಪ್ಪಲು:

ಎಲ್ಲರಿಗೂ ಥ್ಯಾಂಕ್ಸ್. ಮಿನಿ ಕಡೆ ವಾಲ್ತಿದ್ದೀನಿ. ಕೊನೇದಾಗಿ ಎರಡು. ಓಡಿಸ್ತಿರುವಾಗ ದಿಢೀರ್ ಮಳೆ ಬಂದ್ರೆ? ಮತ್ತೆ ಆರು ವರ್ಷದ ಮಗಳನ್ನ ಹಿಂದೆ ಕೂರಿಸಬಹುದಾ?

ಪೇರೇಸಂದ್ರ_ಕ್ರಾಸ್:

ಸಣ್ಣ ಹನಿ ಆದ್ರೆ 70-80ರಲ್ಲಿ ಮುಂದಿನ ಗಾಜಿನಿಂದ ತಲೆ ಮೇಲೇ ಹಾರಿಹೋಗುತ್ತೆ. ನೆನೆಯೋದು ಟೋಲಲ್ಲಿ, ಸಿಗ್ನಲ್ಲಲ್ಲಿ ನಿಂತಾಗ. ಮಳೆ ದಪ್ಪ ಆಗೋಕೆ ಮುಂಚೆ ಎಡಕ್ಕೆ ತಗೊಂಡು 30ರ ಒಳಗೆ ಇಳಿಸಿ ಗುಂಡಿ ಒತ್ತಿ ಹಿಡೀರಿ, ಮುಗಿಯೋವರೆಗೂ ಬೆರಳು ತೆಗೀಬೇಡಿ. ಮೇಲೆ ಮರದ ಕೊಂಬೆ, ಕೇಬಲ್ ವೈರ್ ಇಲ್ಲ ಅಂತ ನೋಡ್ಕೊಳ್ಳಿ.

ಮಗು ಹಿಂದೆ ಕೂರಬಹುದು, ಬೂಸ್ಟರ್ ಸೀಟ್ ಹಾಕಿ, ಬೆಲ್ಟ್ ಕತ್ತಿಗಲ್ಲ ಭುಜಕ್ಕೆ ಬರೋ ಹಾಗೆ. ಹಿಂದೆ ಕೂತವರಿಗೆ ಗಾಳಿ ಮುಂದಿನವರಿಗಿಂತ ಜಾಸ್ತಿ ಹೊಡೆಯುತ್ತೆ, ಅವಳಿದ್ದಾಗ 50 ದಾಟಬೇಡಿ, ಕಿವಿ ಮುಚ್ಚೋ ಟೋಪಿ ಕಟ್ಟಿ. ಗಾಡಿ ಮಗುಚುವ ಸೂಚನೆ ಸಿಕ್ಕಿದ್ರೆ ಹಿಂದಿನ ಸೀಟಿನ ಹಿಂದಿಂದ ರೋಲ್ ಬಾರ್ ತಾನಾಗೇ ಚಿಮ್ಮಿ ಬರುತ್ತೆ, ಆ ಜಾಗದ ಮೇಲೆ ಬ್ಯಾಗು, ದಿಂಬು ಏನೂ ಇಡಬೇಡಿ. ಗಾಡಿ ನೋಡೋಕೆ ಹೋದಾಗ ಇಗ್ನಿಷನ್ ಆನ್ ಮಾಡಿ ಏರ್‌ಬ್ಯಾಗ್ ಲೈಟು ಹತ್ತಿ ಆರುತ್ತಾ ನೋಡಿ, ಹತ್ತದೇ ಇದ್ರೂ ಅನುಮಾನ, ಆರದೇ ಇದ್ರೂ ಅನುಮಾನ.