ಧಾರಾವಾಹಿಯ ಪಾತ್ರಕ್ಕೆ ಇನ್‌ಸ್ಟಾಗ್ರಾಮ್ ಖಾತೆ: ಎಲ್ಲಿ ಎಡವುತ್ತೆ?

ಬಸವನಗುಡಿ_ಬರಹ:
ಸೋಮವಾರದಿಂದ ಶುಕ್ರವಾರ ರಾತ್ರಿ ಬರೋ ಧಾರಾವಾಹಿ. ನಾಯಕಿಯ ಪಾತ್ರದ ಹೆಸರಲ್ಲೇ ಖಾತೆ ತೆರೀಬೇಕಂತೆ, ಚಾನೆಲ್‌ನವರ ಒತ್ತಾಯ. ಪ್ರೋಮೊ ಹಾಕೋ ಪೇಜ್ ಅಲ್ಲ, ಅವಳೇ ಬರೀತಿದ್ದಾಳೆ ಅನ್ನಿಸಬೇಕು. ಹೇಗೆ ನಡೆಸೋದು?

ಗಿರಿನಗರ_ಎಡಿಟ್:
ಖಾತೆಗಿಂತ ಗಡಿಯಾರ ಮುಖ್ಯ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2015ರಲ್ಲಿ ಶುರುಮಾಡಿದ ‘ಸ್ಕಾಮ್’ ಸರಣಿ ನೋಡಿ (ಷೇರುಪೇಟೆ ಹಗರಣದ ಹಿಂದಿ ಸರಣಿ ಅಲ್ಲ, ಹೈಸ್ಕೂಲ್ ಹುಡುಗ-ಹುಡುಗಿಯರದ್ದು). ಕತೆಯಲ್ಲಿ ಶುಕ್ರವಾರ ರಾತ್ರಿ ಪಾರ್ಟಿ ಅಂದ್ರೆ ಆ ತುಣುಕು ವೆಬ್‌ಸೈಟಿಗೆ ಬರ್ತಿದ್ದದ್ದೂ ಅದೇ ಹೊತ್ತಿಗೆ, ಮುನ್ಸೂಚನೆ ಇಲ್ಲದೆ. ನಡುನಡುವೆ ಪಾತ್ರಗಳ ಚಾಟ್ ಸ್ಕ್ರೀನ್‌ಶಾಟ್, ಇನ್‌ಸ್ಟಾಗ್ರಾಮ್ ಪೋಸ್ಟ್. ವಾರದ ತುಣುಕೆಲ್ಲ ಸೇರಿ ಒಂದು ಸಂಚಿಕೆ.

ದಿನದ ಧಾರಾವಾಹಿಗೆ ಇದು ಪೂರ್ತಿ ಒಗ್ಗಲ್ಲ. ಒಂದು ದಿನದ ಮದುವೆಯನ್ನ ಎರಡು ವಾರ ಎಳೀತೀವಲ್ಲ! ಕತೆಯ ದಿನ, ಶೂಟಿಂಗ್ ದಿನ, ಪ್ರಸಾರದ ದಿನ ಮೂರೂ ಕಾಲಂ ಇರೋ ಶೀಟ್ ಇಟ್ಕೊಳ್ಳಿ. ಪ್ರಸಾರ ಮುಗಿದ ಮೇಲೇ ಪೋಸ್ಟ್. ಮುಹೂರ್ತದ ತಾರೀಕಿರೋ ಲಗ್ನಪತ್ರಿಕೆ ಮಾತ್ರ ಹಾಕಲೇಬೇಡಿ. ಕತೆ ಹಿಗ್ಗಿದ ದಿನ ಸಿಕ್ಕಿಬೀಳ್ತೀರಿ.

ಕಂಟಿನ್ಯುಟಿ_ಅಕ್ಕ:
ಫೋಟೊ ಸೆಟ್ಟಲ್ಲೇ, ದೃಶ್ಯ ಮುಗಿದ ತಕ್ಷಣ, ಅದೇ ಸೀರೆ ಅದೇ ಮೇಕಪ್‌ನಲ್ಲಿ ಫೋನಲ್ಲಿ ತೆಗೀರಿ. ಸ್ಟಿಲ್ ಫೋಟೊಗ್ರಾಫರ್ ಲೈಟ್ ಹಾಕಿ ತೆಗೆದದ್ದು ಪಬ್ಲಿಸಿಟಿ ಅಂತ ನೋಡಿದ ಕೂಡ್ಲೆ ಗೊತ್ತಾಗುತ್ತೆ. ಚಾಟ್ ಸ್ಕ್ರೀನ್‌ಶಾಟ್‌ನ ಮೇಲ್ತುದಿಯ ಸಮಯ ಸರಿಯಿರಲಿ: ರಾತ್ರಿ ಜಗಳದ ಮೆಸೇಜಿಗೆ ಮಧ್ಯಾಹ್ನ 2:10 ಅಂತಿದ್ರೆ ಕಾಮೆಂಟಲ್ಲೇ ಹಿಡೀತಾರೆ. ಫೋನ್ ನಂಬರ್ ತೋರಿಸಲೇಬೇಕಾದ್ರೆ ಪ್ರೊಡಕ್ಷನ್ ಹೆಸರಲ್ಲಿ ಸಿಮ್ ತಗೊಳ್ಳಿ. ಬಾಯಿಗೆ ಬಂದ ಹತ್ತು ಅಂಕಿ ಹಾಕಿದ್ರೆ ಯಾವುದೋ ಮನೆಯವರಿಗೆ ರಾತ್ರಿಯಿಡೀ ಕರೆ. ಲೊಕೇಶನ್ ಟ್ಯಾಗೂ ಬೇಡ, ಬಾಡಿಗೆ ಮನೆ ಗೇಟ್ ಮುಂದೆ ಜನ ಸೇರ್ತಾರೆ.

ಕಾಮೆಂಟ್_ಕಾವಲು:
ಬಯೋದಲ್ಲಿ ‘ಕಾಲ್ಪನಿಕ ಪಾತ್ರ’ ಅಂತ ಬರೀರಿ. ಮಜಾ ಹೋಗುತ್ತೆ ಅನ್ನೋದು ಸುಳ್ಳು: ನಿಜ ಹುಡುಗಿಯ ವಿಡಿಯೊ ಡೈರಿ ಥರ ಬಂದ 2006ರ ಯೂಟ್ಯೂಬ್ ಸರಣಿ ‘ಲೋನ್ಲಿಗರ್ಲ್15’ರ ಹುಡುಗಿ ನಟಿ ಅಂತ ಆ ವರ್ಷವೇ ಬಯಲಾಯ್ತು, ಸರಣಿ 2008ರವರೆಗೂ ನಡೀತು.

ಪಾತ್ರ ಯಾವತ್ತೂ ದುಡ್ಡು ಕೇಳಬಾರದು. ಅಪ್ಪನ ಆಪರೇಷನ್ ಕತೆ ಬಂದಾಗ ನಕಲಿ ಖಾತೆಯವರು ಕ್ಯೂಆರ್ ಕೋಡ್ ಹಾಕ್ತಾರೆ. ಆ ವಾರ ದಿನವೂ ಹುಡುಕಿ ರಿಪೋರ್ಟ್ ಮಾಡಿ. ಅವಳು ಸೀರೆ ಅಂಗಡಿ ಹೊಗಳೋದಕ್ಕೆ ಹಣ ಬಂದಿದ್ರೆ ಜಾಹೀರಾತು ಅಂತ ಗುರುತು ಹಾಕಲೇಬೇಕು.

ವಿಲನ್ ಅತ್ತೆಗೂ ಖಾತೆ ತೆರೆದ್ರೆ ನಟಿಯ ಸ್ವಂತ ಖಾತೆ ಟ್ಯಾಗ್ ಮಾಡ್ಬೇಡಿ, ಅತ್ತೆಗೆ ಬೀಳೋ ಬೈಗುಳ ಅವರಿಗೆ ಬೀಳುತ್ತೆ. ಕಾಮೆಂಟ್ ಫಿಲ್ಟರಿಗೆ ಬೈಗುಳದ ಪಟ್ಟಿ ಕೊಡುವಾಗ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೀರಿ. ಹೆಚ್ಚಿನವರು ಬೈಯೋದು ಎರಡನೇದ್ರಲ್ಲೇ.