ಎಆರ್‌ಟಿ ಶುರುವಾಗದವರ ಜಿನೋಟೈಪ್: ಎಂ184ವಿ ಕಾಣದಿದ್ದರೆ ಇಲ್ಲವೆಂದೇ ಅರ್ಥವೇ?

ಪ್ರಶ್ನೆ
ಹೊಸದಾಗಿ ಎಚ್‌ಐವಿ ಪತ್ತೆಯಾಗಿ, ಎಆರ್‌ಟಿ (ಎಚ್‌ಐವಿ ಮದ್ದು) ಇನ್ನೂ ಶುರುವಾಗದವರ ಸ್ಯಾಂಪಲ್, ವೈರಲ್ ಲೋಡ್ (ಒಂದು ಮಿಲಿ ಪ್ಲಾಸ್ಮಾದಲ್ಲಿರುವ ವೈರಸ್ ಪ್ರತಿಗಳು) 42,000. ಜಿನೋಟೈಪ್ (ವೈರಸ್‌ನ ಜೀನ್ ಓದಿ ಮದ್ದಿಗೆ ಬಗ್ಗದ ಬದಲಾವಣೆ ಹುಡುಕುವ ಪರೀಕ್ಷೆ) ಸ್ಯಾಂಗರ್ ವಿಧಾನದ್ದು; ವರದಿಯಲ್ಲಿ ಕೆ103ಎನ್ ಬದಲಾವಣೆ ಒಂದೇ ಇದೆ, ಲ್ಯಾಮಿವುಡಿನ್ ಮದ್ದಿಗೆ ಬಗ್ಗದಂತೆ ಮಾಡುವ ಎಂ184ವಿ ಇಲ್ಲ. ಲ್ಯಾಮಿವುಡಿನ್‌ಗೆ ತೊಂದರೆಯಿಲ್ಲ ಅನ್ನಬಹುದೇ? ಇನ್ನೊಬ್ಬರ ಸ್ಯಾಂಪಲ್ ಲೋಡ್ ಚೆನ್ನಾಗಿದ್ದರೂ ಪಿಸಿಆರ್‌ನಲ್ಲಿ (ಓದುವ ಮೊದಲು ಜೀನ್ ಭಾಗವನ್ನು ಹೆಚ್ಚಿಸುವ ಹಂತ) ಬ್ಯಾಂಡೇ ಬರಲಿಲ್ಲ. ಏನು ನೋಡಬೇಕು?

ಉತ್ತರ 1
ಅಷ್ಟು ಖಚಿತವಾಗಿ ಅನ್ನಬೇಡಿ. ಎಂ184ವಿ ಹೊತ್ತ ವೈರಸ್ ಸೊರಗಿರುತ್ತದೆ. ಮದ್ದಿಲ್ಲದಿದ್ದಾಗ ಮಾಮೂಲಿ ವೈರಸ್ ಅದನ್ನು ಹಿಂದೆ ಹಾಕುತ್ತದೆ. ಹಿಂದೆ ಎಆರ್‌ಟಿ ತೆಗೆದುಕೊಂಡು ಬಿಟ್ಟವರಲ್ಲಂತೂ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮರೆಯಾಗಿ, ಸುಪ್ತ ಕೋಶಗಳಲ್ಲಿ ಮಾತ್ರ ಉಳಿಯುತ್ತದೆ. ಕೆ103ಎನ್‌ಗೆ ಆ ಕಷ್ಟ ಕಡಿಮೆ, ವರ್ಷಗಟ್ಟಲೆ ಕಾಣುತ್ತಿರುತ್ತದೆ.

ಸ್ಯಾಂಗರ್ ಸುಮಾರು 20% ಪಾಲಿಗಿಂತ ಕಡಿಮೆ ಇರುವುದನ್ನು ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಕೊಟ್ಟ ಅಕ್ಷರ ನಂಬಿ ಕೂರದೆ ಕ್ರೊಮ್ಯಾಟೊಗ್ರಾಮ್ (ಪ್ರತಿ ಅಕ್ಷರವನ್ನು ಶಿಖರವಾಗಿ ತೋರಿಸುವ ನಕ್ಷೆ) ತೆರೆಯಿರಿ. 184ನೇ ಕೋಡಾನ್‌ನಲ್ಲಿ (ಮೂರಕ್ಷರದ ಜಾಗ) ಮಾಮೂಲಿ ವೈರಸ್‌ಗೆ ಎಟಿಜಿ ಇರಬೇಕು; ಎಂ184ವಿ ಆದರೆ ಮೊದಲ 'ಎ' ಹೋಗಿ 'ಜಿ' ಬರುತ್ತದೆ. ಮೊದಲ 'ಎ' ಶಿಖರದಡಿ ಚಿಕ್ಕ 'ಜಿ' ಇದೆಯೇ, ಅದು ಫಾರ್ವರ್ಡ್, ರಿವರ್ಸ್ ಎರಡೂ ದಿಕ್ಕಿನ ಓದಿನಲ್ಲಿ ಇದೆಯೇ ನೋಡಿ. ಒಂದರಲ್ಲಷ್ಟೇ ಇದ್ದರೆ ಬಹುಪಾಲು ಗದ್ದಲವೇ. ಜೊತೆಗೆ ಹಳೆಯ ಎಆರ್‌ಟಿ, ಪ್ರೆಪ್ (ಸೋಂಕು ತಗಲದಂತೆ ಮುಂಚೆಯೇ ತೆಗೆದುಕೊಳ್ಳುವ ಮದ್ದು), ಹೆರಿಗೆ ವೇಳೆಯ ನೆವಿರಪಿನ್ ಬಗ್ಗೆ ಕೌನ್ಸೆಲರ್ ನಿಧಾನವಾಗಿ, ಗದರದೆ ಕೇಳಲಿ. ಎಷ್ಟೋ ಸಲ ಉತ್ತರ ಸಿಗುವುದು ಅಲ್ಲೇ.

ಉತ್ತರ 2
ಬ್ಯಾಂಡ್ ವಿಷಯ: ಮೊದಲು ಟ್ಯೂಬಿನ ಮುಚ್ಚಳ ನೋಡಿ. ಹಸಿರಾದರೆ ಹೆಪಾರಿನ್, ಅದು ಪಿಸಿಆರ್ ತಡೆಯುತ್ತದೆ. ನೇರಳೆಯ ಇಡಿಟಿಎ ಬೇಕು. ಸ್ಯಾಂಪಲಿನಿಂದ ತೆಗೆದ ವೈರಸ್ ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಬ್ಯಾಂಡ್ ಬಂದರೆ ತಡೆಯುವ ವಸ್ತು ಇತ್ತೆಂದು ಲೆಕ್ಕ. ಬರದಿದ್ದರೆ ಆರ್‌ಎನ್‌ಎ ಹಾಳಾಗಿರಬೇಕು, ಇಲ್ಲವೇ ಪ್ರೈಮರ್ (ವೈರಸ್ ಜೀನ್‌ಗೆ ಅಂಟಿ ಪಿಸಿಆರ್ ಶುರುಮಾಡುವ ಚಿಕ್ಕ ತುಣುಕು) ಹೊಂದಿಲ್ಲ. ಭಾರತದಲ್ಲಿ ಹೆಚ್ಚಿರುವುದು ಎಚ್‌ಐವಿಯ ಸಬ್‌ಟೈಪ್ ಸಿ. ಸಬ್‌ಟೈಪ್ ಬಿ ನೋಡಿ ಮಾಡಿದ ಪ್ರೈಮರ್ ಇಲ್ಲಿ ಕೈಕೊಡಬಹುದು.

ಲೋಡ್ ಕಡಿಮೆ ಇದ್ದಾಗ ಲೆಕ್ಕ ಬೇರೆ. 1,000 ಲೋಡಿನ 200 ಮೈಕ್ರೊಲೀಟರ್ ಪ್ಲಾಸ್ಮಾದಲ್ಲಿ 200 ಪ್ರತಿ. ಅದರ ಆರ್‌ಎನ್‌ಎಯನ್ನು 50 ಮೈಕ್ರೊಲೀಟರ್ ದ್ರವದಲ್ಲಿ ಇಳಿಸಿ, ಅದರಲ್ಲಿ 10 ಹಾಕಿದರೆ ಪಿಸಿಆರ್ ಟ್ಯೂಬಿಗೆ ಬೀಳುವುದು ಹೆಚ್ಚೆಂದರೆ 40. ಅಂಥವಕ್ಕೆ 1 ಮಿಲಿಯಿಂದಲೇ ಆರ್‌ಎನ್‌ಎ ತೆಗೆಯಿರಿ.

ಉತ್ತರ 3
ವರದಿಗೆ ಕಾದು ಚಿಕಿತ್ಸೆ ತಡಮಾಡುವುದು ಬೇಡ. ಕೆ103ಎನ್ ಎಫಾವಿರೆಂಜ್, ನೆವಿರಪಿನ್ ಎರಡನ್ನೂ ಕೆಡಿಸುತ್ತದೆ; ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಟಿಎಲ್‌ಡಿಯನ್ನಲ್ಲ. ವೈರಸ್‌ನ ಪ್ರೋಟಿಯೇಸ್ ಮತ್ತು ಆರ್‌ಟಿ (ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್) ಭಾಗದ ಪರೀಕ್ಷೆಯಲ್ಲಿ, ಡೊಲುಟೆಗ್ರಾವಿರ್ ತಡೆಯುವ ಇಂಟಿಗ್ರೇಸ್ ಭಾಗ ಬರುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಅದೇ ಬಗೆಯ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದು ಪಡೆದವರಾದರೆ ಖಂಡಿತ ಕೇಳಿ. ಮೊದಲ ಮಾತ್ರೆಗೆ ಮುಂಚೆಯೇ ಪ್ಲಾಸ್ಮಾ ಎರಡು ವಯಲ್ ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ; ಮುಂದೆ ಲೋಡ್ ಇಳಿಯದಿದ್ದರೆ ಹೋಲಿಸಿ ನೋಡಲು ಬೇಕಾಗುವುದು ಅದೇ.