ಸಹಾಯ ಬೇಕು: ಕ್ಯಾಮೆರಾ ಬಗ್ಗೆ ಆರ್‌ಟಿಐ ಅರ್ಜಿ ಬರೆಯಲು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳೂ ಇವೆ. ಅವುಗಳಲ್ಲಿ ಸೆರೆಯಾದ ದೃಶ್ಯಗಳ ದಾಖಲೆ ಎಷ್ಟು ದಿನ ಇರುತ್ತದೆ, ಯಾರ್ಯಾರು ನೋಡಬಹುದು, ಯಾವಾಗ ಅಳಿಸುತ್ತಾರೆ ಅಂತ ಪೊಲೀಸ್ ಇಲಾಖೆಗೆ ಆರ್‌ಟಿಐ ಹಾಕಬೇಕು ಅಂದುಕೊಂಡಿದ್ದೇನೆ.

ಶುಲ್ಕ 10 ರೂಪಾಯಿ, ಅದೇನೂ ದೊಡ್ಡದಲ್ಲ. ಆದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ಸಡಿಲವಾಗಿ ಬರೆದರೆ ಭದ್ರತೆಯ ಹೆಸರಲ್ಲಿ, ಕೆಲವು ಮಾಹಿತಿ ಕೊಡದಿರಲು ಅವಕಾಶ ಕೊಡುವ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8 ತೋರಿಸಿ ವಾಪಸ್ ಕಳಿಸಬಹುದು. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಕ್ಯಾಮೆರಾ ಧೈರ್ಯ ಕೊಡುತ್ತದೆ, ನಿಜ. ಲೆಕ್ಕ ಕೇಳುವ ಹಕ್ಕೂ ನಮಗಿದೆ, ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇಂಥ ಅರ್ಜಿ ಹಾಕಿ ಅನುಭವ ಇರುವವರು, ವಕೀಲರು ಯಾರಾದರೂ ಕರಡು ತಿದ್ದಿಕೊಡುತ್ತೀರಾ? ದಯವಿಟ್ಟು ಇಲ್ಲೇ ತಿಳಿಸಿ, ಕಳಿಸುತ್ತೇನೆ.